ಒಂದೇ ಚಪ್ಪಲಿ

ಬಂಧಿತರ ಮನೆಯವರಿಂದ ಹೇಳಿಕೆ ಬರೆದುಕೊಳ್ಳುವುದು ನನ್ನ ಕೆಲಸ. ಮಾನವ ಹಕ್ಕುಗಳ ವಕೀಲರ ಕಚೇರಿಗೆ ಸೇರಿದ ಹೊಸತರಲ್ಲಿ ನನಗೆ ಸಿಟ್ಟು ಹೆಚ್ಚು, ತಾಳ್ಮೆ ಕಡಿಮೆ. ಸಭೆ ಸೇರಿದರೂ ತಪ್ಪು, ಕರಪತ್ರ ಹಂಚಿದರೂ ತಪ್ಪು ಎಂಬ ಕಾಲ. ನನ್ನ ಹೇಳಿಕೆಗಳ ತುಂಬ ‘ಅಮಾನುಷ’, ‘ಕ್ರೂರ’ ಎಂಬ ಮಾತುಗಳೇ.

ಒಮ್ಮೆ ಒಬ್ಬ ತಾಯಿ ಬಂದರು. ರಾತ್ರಿ ಮಫ್ತಿಯಲ್ಲಿ ಬಂದವರು ಮಗನನ್ನು ಎಳೆದೊಯ್ದಿದ್ದರು. ಠಾಣೆಯಲ್ಲಿ ವಿಚಾರಿಸಿದರೆ, ಅಂಥವನು ಇಲ್ಲಿಲ್ಲ ಎಂಬ ಉತ್ತರ. “ಒಂದೇ ಕಾಲಿಗೆ ಚಪ್ಪಲಿ ಇತ್ತಪ್ಪಾ, ಇನ್ನೊಂದು ಹೊಸ್ತಿಲಲ್ಲೇ ಉಳಿಯಿತು” ಎಂದು ಆಕೆ ಮತ್ತೆ ಮತ್ತೆ ಹೇಳಿದರು. ಸಂಕಟದ ಮಾತು ಎಂದುಕೊಂಡು ತಲೆಯಾಡಿಸಿದೆ. ಬರೆಯಲಿಲ್ಲ.

ವಾರದ ಬಳಿಕ ಬಿಡುಗಡೆಯಾಗಿ ಬಂದವರೊಬ್ಬರು, ಪಕ್ಕದ ಕೋಣೆಯಲ್ಲಿ ಒಂಟಿ ಚಪ್ಪಲಿಯ ಹುಡುಗನೊಬ್ಬನಿದ್ದ, ಹೆಸರು ಗೊತ್ತಿಲ್ಲ ಎಂದರು. ನನ್ನ ಪೆನ್ನು ನಿಂತಿತು. ಓಡಿಹೋಗಿ ತಾಯಿಯಿಂದ ಪೂರಕ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿದೆವು. ಸರ್ಕಾರಿ ವಕೀಲರು ನಕ್ಕು, “ಇದು ಆಮೇಲೆ ಹೊಸೆದದ್ದು” ಎಂದರು. ಹುಡುಗನನ್ನು ನ್ಯಾಯಾಲಯದ ಮುಂದೆ ತರಿಸಿ ಎಂದು ನಾವು ಹಾಕಿದ್ದ ಹೇಬಿಯಸ್ ಕಾರ್ಪಸ್ ಅರ್ಜಿ ವಜಾ ಆಯಿತು.

ಹಿರಿಯ ವಕೀಲರು ಬೈಯಲಿಲ್ಲ, ಚಿಲಿ ದೇಶದ ಕಥೆ ಹೇಳಿದರು. 1973ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಅಲ್ಲಿನ ವಕೀಲರು ಇಂಥ ಸಾವಿರಾರು ಅರ್ಜಿ ಹಾಕಿದರು. ಹೆಚ್ಚುಕಡಿಮೆ ಎಲ್ಲವೂ ತಿರಸ್ಕೃತವಾದವು. “ಸೋಲುವ ಅರ್ಜಿಗೆ ಅಷ್ಟು ಶ್ರಮ ಏಕೆ ಸರ್?” ಎಂದೆ. “ವಜಾ ಆದ ಅರ್ಜಿಯ ಮೇಲೂ ನ್ಯಾಯಾಲಯದ ಮೊಹರು, ತಾರೀಖು ಇರುತ್ತದಲ್ಲ!” 1990ರಲ್ಲಿ ಸೇನಾಡಳಿತ ಹೋಗಿ ಸತ್ಯಶೋಧನಾ ಆಯೋಗ ಬಂದಾಗ ಆ ಕಡತಗಳೇ ಕೆಲಸಕ್ಕೆ ಬಂದವಂತೆ.

ಈಗ ವಿಶೇಷಣಗಳನ್ನು ಬಿಟ್ಟಿದ್ದೇನೆ. ಬಂಧಿತರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಸಾಮಾನ್ಯವಾಗಿ 48 ಗಂಟೆ ಸಾಕು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2014ರಲ್ಲಿ ಹೇಳಿದೆ. ಆ ಗಡಿಯಾರ ಯಾವಾಗ ಶುರುವಾಯಿತು ಎಂಬುದರ ಮೇಲೇ ಜಗಳವೆಲ್ಲ. ಆದ್ದರಿಂದ ‘ರಾತ್ರಿ’ ಎಂದರೆ ಬಿಡುವುದಿಲ್ಲ: ಬೀದಿದೀಪ ಹತ್ತಿತ್ತೇ, ಊಟ ಆಗಿತ್ತೇ, ಟಿವಿಯಲ್ಲಿ ಏನು ಬರುತ್ತಿತ್ತು? ಸಾಕ್ಷಿಗಳ ಹೆಸರು ಮಾತ್ರ ಆ ಕಡತದಲ್ಲಿ ಇರುವುದಿಲ್ಲ. ಕಚೇರಿಯ ಮೇಲೆ ದಾಳಿ ಆಗಬಹುದು. ಹೆಸರುಗಳ ಪಟ್ಟಿ ಬೇರೆಡೆ.

ಆ ಹುಡುಗನನ್ನು ಹತ್ತೊಂಬತ್ತನೆಯ ದಿನ ಹಾಜರುಪಡಿಸಿದರು, ಹಿಂದಿನ ಸಂಜೆಯಷ್ಟೇ ಬಸ್ ನಿಲ್ದಾಣದಲ್ಲಿ ಸಿಕ್ಕನೆಂದು. ಬಂಧನ ಪತ್ರಕ್ಕೆ ಲಗತ್ತಿಸಿದ ವಸ್ತುಗಳ ಪಟ್ಟಿಯನ್ನು ಠಾಣೆಯ ಬರಹಗಾರ ಪ್ರಾಮಾಣಿಕವಾಗಿ ತುಂಬಿದ್ದ. ಮೂರನೆಯ ಸಾಲು: ‘ಚಪ್ಪಲಿ – ಒಂದು’.