ಸುರುಳಿ ಸುತ್ತಿದ ತುದಿ

ನಾಲ್ಕು ದಿನದ ಪ್ರವಾಸದಲ್ಲಿ ಮೊದಲ ದಿನ ಮಳೆಯ ಪಾಲಾಯಿತು. ಎರಡನೆಯ ದಿನ ಮಧ್ಯಾಹ್ನ, ನದಿ ಬಂಡೆಯನ್ನು ಬಳಸಿ ಮಡುವಾಗುವ ಕಡೆ, ನನ್ನ ಸ್ಟ್ರೀಮರ್ ಫ್ಲೈಗೆ, ಅಂದರೆ ಗಾಳಕ್ಕೆ ಗರಿ-ಕೂದಲು ಸುತ್ತಿ ಮರಿಮೀನಿನಂತೆ ಮಾಡಿದ ಹುಸಿ ಎರೆಗೆ, ದೊಡ್ಡದೊಂದು ಟ್ರೌಟ್ ಮೀನು ಬಾಯಿ ಹಾಕಿತು. ಕೋಲು ಬಾಗಿತು, ರೀಲು ಕಿರುಗುಟ್ಟಿತು, ಮರುಕ್ಷಣವೇ ಕೈ ಹಗುರಾಯಿತು.

“ದಾರ ಹಳೆಯದಾಗಿತ್ತು, ತುಂಡಾಯಿತು” ಎಂದೆ.

ದೋಣಿಯವರು ದಾರದ ತುದಿಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ಅದು ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿತ್ತು.

“ದಾರ ತುಂಡಾಗಿಲ್ಲ ಸ್ವಾಮಿ, ಗಂಟು ಜಾರಿದೆ. ಎಷ್ಟು ಸುತ್ತು ಹಾಕಿದ್ದಿರಿ?”

“ಎರಡು.”

ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನಾನು ಕಟ್ಟಿದ್ದು ನಾನ್-ಸ್ಲಿಪ್ ಲೂಪ್, ಅಂದರೆ ಜಾರದ ಕುಣಿಕೆ. ಫ್ಲೈ ಮೀನುಗಾರಿಕೆಯಲ್ಲಿ ಹೆಸರಾದ ಅಮೆರಿಕದ ಲೆಫ್ಟಿ ಕ್ರೇ ಜನಪ್ರಿಯಗೊಳಿಸಿದ ಗಂಟದು.

ಉಳಿದ ಮಧ್ಯಾಹ್ನವೆಲ್ಲ ಬಂಡೆಯ ಮೇಲೆ ಕುಳಿತು ಗಂಟು ಹಾಕಿದೆವು. ಮೊದಲು ದಾರದಲ್ಲಿ ಒಂದು ಸಾದಾ ಗಂಟು, ಬಿಗಿಸದೆ. ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಮತ್ತೆ ಆ ಗಂಟಿನೊಳಕ್ಕೆ ತರಬೇಕು. ನಾನು ಎಡವಿದ್ದು ಇಲ್ಲೇ: ತುದಿ ಗಂಟಿನಿಂದ ಯಾವ ಮಗ್ಗುಲಲ್ಲಿ ಹೊರಬಿದ್ದಿತ್ತೋ ಅದೇ ಮಗ್ಗುಲಿನಿಂದ ಒಳಹೋಗಬೇಕು. ಆಮೇಲೆ ಮುಖ್ಯ ದಾರಕ್ಕೆ ಸುತ್ತುಗಳು, ಮತ್ತೆ ಅದೇ ಗಂಟಿನೊಳಗೆ, ಅದೂ ಬಂದ ಮಗ್ಗುಲಿನಿಂದಲೇ. 10 ಪೌಂಡ್ ಎಳೆತ ತಡೆಯುವ ನನ್ನ ದಾರಕ್ಕೆ 5 ಸುತ್ತು. ಇನ್ನೂ ತೆಳುವಾದರೆ 7, 15 ಪೌಂಡ್ ಮುಟ್ಟಿದರೆ 4.

“ಈಗ ಎಂಜಲು ಹಚ್ಚಿ.”

ಮುಖ ಸಿಂಡರಿಸಿದೆ. ನದಿಯ ನೀರು ಸಾಲದೇ?

“ಸಾಕು. ಆದರೆ ನೀವು ಅದನ್ನೂ ಹಚ್ಚಲಿಲ್ಲವಲ್ಲ.”

ಒಣ ದಾರವನ್ನು ಬಿರಬಿರನೆ ಎಳೆದರೆ ಉಜ್ಜಿದ ಬಿಸಿಗೇ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಒದ್ದೆ ಮಾಡಿ ನಿಧಾನವಾಗಿ ಎಳೆಯಬೇಕು. ಕುಣಿಕೆ ಎಷ್ಟು ದೊಡ್ಡದಾಗಬೇಕೆಂಬುದು ಸಾದಾ ಗಂಟು ಕಣ್ಣಿಗೆ ಎಷ್ಟು ಹತ್ತಿರ ನಿಂತಿದೆ ಎಂಬುದರ ಮೇಲಿದೆ. ನನ್ನ ಮೊದಲ ಕುಣಿಕೆಯಲ್ಲಿ ಹೆಬ್ಬೆರಳು ತೂರುತ್ತಿತ್ತು. ಅವರದರಲ್ಲಿ ಕಡಲೆಕಾಳೂ ಹಿಡಿಸುವಂತಿರಲಿಲ್ಲ.

ಇಷ್ಟೆಲ್ಲ ತಾಪತ್ರಯವೇಕೆ, ದಾರವನ್ನು ಫ್ಲೈಯ ಕಣ್ಣಿಗೇ ಬಿಗಿದು ಕಟ್ಟಬಾರದೇ ಎಂದು ಕೇಳಿದೆ. ಅವರು ಒಂದೇ ಬಗೆಯ ಎರಡು ಫ್ಲೈಗಳನ್ನು ದೋಣಿಯ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟರು. ಬಿಗಿದು ಕಟ್ಟಿದ್ದು ಕಡ್ಡಿಗೆ ಸಿಕ್ಕಿಸಿದ ಎಲೆಯಂತೆ ಬಂತು. ಕುಣಿಕೆಯದು ಹರಿವಿಗೆ ತಲೆ ಆಡಿಸಿತು, ಮಗ್ಗುಲಾಯಿತು, ಗಾಯಗೊಂಡ ಮರಿಮೀನಿನ ಹಾಗೆ ತಡವರಿಸಿತು. ನನಗೇ ಬಾಯಿ ಹಾಕುವ ಮನಸ್ಸಾಯಿತು.

ನನ್ನ ಹಾಗೆ ಮೀನಿನ ಕೈಯಲ್ಲಿ ಪರೀಕ್ಷೆ ಮಾಡಿಸಬೇಡಿ. ಗಾಳವನ್ನು ಇಕ್ಕಳದಲ್ಲಿ ಹಿಡಿದು, ದಾರವನ್ನು ಜೋರಾಗಿ ಎಳೆದು ನೋಡಿ. ಜಾರುವುದಿದ್ದರೆ ಅಲ್ಲೇ ಜಾರಲಿ.

ಮೂರನೆಯ ದಿನ ಒಂದೂ ಕಚ್ಚಲಿಲ್ಲ. ನಾಲ್ಕನೆಯ ದಿನ ಹೊರಡುವ ಮುನ್ನ ಎಸೆದ ಫ್ಲೈ ಎದುರು ದಡದ ಒಣ ಪೊದೆಗೆ ಸಿಕ್ಕಿಕೊಂಡಿತು. ಕೋಲನ್ನು ಕೆಳಗಿಟ್ಟು, ದಾರ ಹಿಡಿದು ಜಗ್ಗಿದೆ. ಮೊಳದುದ್ದದ ಕೊಂಬೆ ಲಟಕ್ಕನೆ ಮುರಿದು ನೀರಿಗೆ ಬಿತ್ತು. ಎಳೆದು ತಂದು ದೋಣಿಯವರ ಮುಂದೆ ಹಿಡಿದೆ. ಅವರು ಕೊಂಬೆಯ ಕಡೆ ನೋಡಲೇ ಇಲ್ಲ; ಕುಣಿಕೆಯನ್ನು ಉಗುರಿನಿಂದ ಮೀಟಿ, “ಹ್ಞೂಂ” ಎಂದರು.