ಮಾವನ ಹಳೇ ಲ್ಯಾಪ್‌ಟಾಪ್

ನಿನ್ನೆ ಮಾವನ ಹಳೇ ಲ್ಯಾಪ್‌ಟಾಪಿಗೆ ಲಿಬ್ರೆಆಫೀಸ್ ಅನ್ನೋ, ಪತ್ರ-ಲೆಕ್ಕ ಬರೆಯೋ ತಂತ್ರಾಂಶ ಹಾಕಿಕೊಟ್ಟೆ. "ಎಷ್ಟು ದುಡ್ಡಾಯ್ತು?" ಅಂದರು. ಒಂದು ರೂಪಾಯಿಯೂ ಇಲ್ಲ ಮಾವ ಅಂದರೆ ನಂಬಲೇ ಇಲ್ಲ. ಮೆನುವೆಲ್ಲ ಕನ್ನಡದಲ್ಲಿ ಬಂದಾಗ ಮಾತ್ರ ಮುಖ ಅರಳಿತು.

ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸರ್ಕಾರಿ ಕಚೇರಿಗಳ 30,000 ಕಂಪ್ಯೂಟರ್‌ಗಳಿಗೆ ಇದನ್ನೇ ಹಾಕಲು ತೀರ್ಮಾನಿಸಿತು. ಆದರೆ ಅದೇ ದೇಶದ ಮ್ಯೂನಿಕ್ ನಗರ ವರ್ಷಗಟ್ಟಲೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಬಳಸಿ, 2017ರಲ್ಲಿ ವಿಂಡೋಸ್‌ಗೆ ವಾಪಸ್ ಹೋಗಲು ನಿರ್ಧರಿಸಿತ್ತು. ಹಾಕಿಕೊಳ್ಳೋದು ಹತ್ತು ನಿಮಿಷದ ಕೆಲಸ. ಕೈಗೆ ಕೂತ ಅಭ್ಯಾಸ ಬಿಡಿಸೋದೇ ಕಷ್ಟ, ಅಲ್ವಾ? ನಾನೇ ಇನ್ನೂ ಯಾರಿಗಾದರೂ ಫೈಲ್ ಕಳಿಸುವಾಗ ಸುಮ್ನೆ ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ (.docx) ಮಾಡಿ ಕಳಿಸುತ್ತೇನೆ. ಲಿಬ್ರೆಆಫೀಸಿನ ಒಡಿಟಿ (.odt) ಫೈಲನ್ನೇ ಕಳಿಸಿದರೆ "ಇದೇನಿದು, ಓಪನ್ ಆಗ್ತಿಲ್ಲ" ಅಂತ ಫೋನ್ ಬರುತ್ತದೆ.

ಮಾವ ಮಾತ್ರ ಬೆಳಗ್ಗೆಯಿಂದ ಸಂಘದ ಲೆಕ್ಕ ತುಂಬುತ್ತಾ ಕೂತಿದ್ದಾರೆ. ಕಾಫಿಗೂ ಎದ್ದಿಲ್ಲ.