ಟ್ಯಾಗ್‌ನಲ್ಲಿ ಉಳಿದ ದುಡ್ಡು, ಗೇಟಿನಲ್ಲಿ ಕಟ್ಟಿದ ಡಬಲ್: ಲಾರಿ ಆಫೀಸಿನ ಲೆಕ್ಕದ ಮೇಜಿನಿಂದ

ತಿಂಗಳ ಕೊನೆಗೆ ಡ್ರೈವರ್ ತಂದ ಖರ್ಚಿನ ಚೀಟಿಗಳನ್ನೂ ಫಾಸ್ಟ್ಯಾಗ್ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಕಡೆ ದುಡ್ಡು ಸೋರಿರುವುದು ಕಾಣುತ್ತದೆ. ಒಂದು, ಟ್ಯಾಗ್ ಓದಲಿಲ್ಲವೆಂದು ಟೋಲ್ ಗೇಟಿನಲ್ಲಿ ಕೈಯಿಂದ ಕಟ್ಟಿದ ಡಬಲ್ ಶುಲ್ಕ. ಇನ್ನೊಂದು, ಹಳೇ ಟ್ಯಾಗ್‌ನಲ್ಲೋ ಅವಧಿ ಮುಗಿದ ಪಾಸ್‌ನಲ್ಲೋ ಉಳಿದುಹೋದ ಮೊತ್ತ. ದಾವಣಗೆರೆ, ಚಿತ್ರದುರ್ಗದ ಬಹಳಷ್ಟು ಮಾಲೀಕರು ಎರಡನ್ನೂ ‘ಹೋಯ್ತು ಬಿಡಿ’ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಕಾದದ್ದು ಅದರಲ್ಲಿ ಕಡಿಮೆ. ಆದರೆ ವಾಪಸ್ ಕೇಳಲು ಬೇಕಾದ ಪುರಾವೆ ಗೇಟಿನಲ್ಲೇ, ಅವತ್ತೇ ಕೈಗೆ ಬರಬೇಕು. ವಾರ ಕಳೆದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಮೊದಲು ದರದ ಲೆಕ್ಕ. ಟ್ಯಾಗ್ ಇಲ್ಲದ ಅಥವಾ ಟ್ಯಾಗ್ ಕೆಲಸ ಮಾಡದ ವಾಹನಕ್ಕೆ ರಾಷ್ಟ್ರೀಯ ಹೆದ್ದಾರಿಯಲ್ಲಿ 2021ರ ಫೆಬ್ರವರಿಯಿಂದ ದುಪ್ಪಟ್ಟು ಶುಲ್ಕ ಬಂತು. 2025ರ ನವೆಂಬರ್ 15ರಿಂದ ಅದನ್ನು ಸ್ವಲ್ಪ ಸಡಿಲಿಸಿದರು: ಅಂಥ ವಾಹನ ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು. ಗೇಟಿನ ದರ ₹400 ಇದ್ದರೆ ಟ್ಯಾಗ್‌ಗೆ 400, ಯುಪಿಐಗೆ 500, ನಗದಿಗೆ 800. ಡ್ರೈವರ್ ಜೇಬಿನಿಂದ ನೋಟು ತೆಗೆದ ಕೂಡಲೇ ಆಫೀಸಿಗೆ ಯುಪಿಐಗಿಂತ ₹300 ಹೆಚ್ಚಿಗೆ ನಷ್ಟ. ಹಾಗಾಗಿ ಬಾಟಾ (ದಾರಿಖರ್ಚಿನ ಭತ್ಯೆ) ದುಡ್ಡಿನ ಜೊತೆಗೆ ಡ್ರೈವರ್ ಫೋನಿನಲ್ಲಿ ಯುಪಿಐ ನಡೆಯುವಂತಿರಬೇಕು, ಅದರಲ್ಲಿ ಒಂದು ಟ್ರಿಪ್‌ನ ಟೋಲ್‌ಗಾಗುವಷ್ಟು ಹಣವೂ ಇರಬೇಕು. ದರ ಯಾವುದೇ ಇರಲಿ, ರಸೀದಿ ಇಲ್ಲದೆ ಗೇಟು ದಾಟಬಾರದು.

ಈ ಡಬಲ್ ಬೀಳುವುದು ಏಕೆಂದು ನೋಡಿದರೆ ಬಹಳ ಸಲ ಟ್ಯಾಗ್ ಬ್ಲಾಕ್‌ಲಿಸ್ಟ್ ಆಗಿರುತ್ತದೆ, ಅಂದರೆ ತಡೆಹಿಡಿದ ಟ್ಯಾಗ್‌ಗಳ ಪಟ್ಟಿಗೆ ಸೇರಿರುತ್ತದೆ. ‘ದುಡ್ಡು ಹಾಕಿದ್ದೀವಲ್ಲ’ ಅನ್ನುವುದು ಮಾಲೀಕರ ಮೊದಲ ಮಾತು. ಬ್ಯಾಲೆನ್ಸ್ ಕಡಿಮೆ ಎಂಬುದು ಬ್ಲಾಕ್‌ಲಿಸ್ಟ್ ಆಗಲು ಒಂದು ಕಾರಣ ಮಾತ್ರ. ಕೆವೈಸಿ (ಮಾಲೀಕರ ಗುರುತಿನ ದಾಖಲೆ) ಬಾಕಿ ಇದ್ದರೂ ಆಗುತ್ತದೆ. ಆರ್‌ಸಿಯಲ್ಲಿರುವ ನಂಬರ್, ಚಾಸಿ ನಂಬರ್ ಟ್ಯಾಗ್‌ನ ದಾಖಲೆಗೆ ಹೊಂದದಿದ್ದರೂ ಆಗುತ್ತದೆ. ಟ್ಯಾಗನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸಿದರೂ ಆಗುತ್ತದೆ. ಅಂಥ ಟ್ಯಾಗ್‌ಗಳ ವರದಿ ಬಂದ ಕೂಡಲೇ ಬ್ಲಾಕ್‌ಲಿಸ್ಟ್ ಮಾಡುವಂತೆ 2025ರ ಜುಲೈನಲ್ಲಿ ಹೆದ್ದಾರಿ ಪ್ರಾಧಿಕಾರ ಆದೇಶಿಸಿದೆ. ಇಂಥ ಕಾರಣಗಳಿಗೆ ಸಾವಿರ ರೂಪಾಯಿ ರೀಚಾರ್ಜ್ ಮಾಡಿದರೂ ಟ್ಯಾಗ್ ಏಳುವುದಿಲ್ಲ. ಆದ್ದರಿಂದ ಬ್ಯಾಲೆನ್ಸ್ ನೋಡಿದ ಮೇಲೆ ಟ್ಯಾಗ್‌ನ ಸ್ಟೇಟಸ್ ಕೂಡ ನೋಡಬೇಕು. ಫಾಸ್ಟ್ಯಾಗ್ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯ ಜಾಲತಾಣದಲ್ಲಿ ವಾಹನದ ನಂಬರ್ ಕೊಟ್ಟರೆ ಯಾವ ಬ್ಯಾಂಕಿನ ಟ್ಯಾಗ್, ಆ್ಯಕ್ಟಿವ್ ಇದೆಯೋ ಇಲ್ಲವೋ ಎಂದು ತೋರಿಸುತ್ತದೆ. ಲೋಡ್ ಆಗುವ ಹಿಂದಿನ ಸಂಜೆ ಇದನ್ನು ನೋಡಿಡುವುದು ಎರಡು ನಿಮಿಷದ ಕೆಲಸ.

ಸಮಯದ ಲೆಕ್ಕ ಬಹಳ ಜನರಿಗೆ ಗೊಂದಲ. 2025ರ ಫೆಬ್ರವರಿ 17ರಿಂದ ಜಾರಿಯಾದ ಎನ್‌ಪಿಸಿಐ ನಿಯಮ ಹೀಗಿದೆ: ರೀಡರ್ ಟ್ಯಾಗ್ ಓದುವ 60 ನಿಮಿಷಕ್ಕೂ ಮೊದಲಿನಿಂದ ಟ್ಯಾಗ್ ಬ್ಲಾಕ್‌ಲಿಸ್ಟ್‌ನಲ್ಲಿದ್ದು, ಓದಿದ ಮೇಲೆ 10 ನಿಮಿಷದವರೆಗೂ ಹಾಗೇ ಉಳಿದರೆ ಆ ವ್ಯವಹಾರ 176 ಎಂಬ ಕೋಡ್‌ನಲ್ಲಿ ತಿರಸ್ಕೃತವಾಗುತ್ತದೆ. ಎರಡೂ ಷರತ್ತು ಕೂಡಬೇಕು. ಲಾರಿ ದಾವಣಗೆರೆ–ಚಿತ್ರದುರ್ಗ ನಡುವಿನ ಹೆಬ್ಬಾಳು ಗೇಟಿಗೆ ರಾತ್ರಿ 10ಕ್ಕೆ ಬಂತು ಎಂದುಕೊಳ್ಳಿ. ಟ್ಯಾಗ್ 9:30ಕ್ಕೆ ಬ್ಲಾಕ್‌ಲಿಸ್ಟ್ ಆಗಿದ್ದರೆ ಮೊದಲ ಷರತ್ತೇ ಬೀಳುವುದಿಲ್ಲ. 8ಕ್ಕೆ ಆಗಿದ್ದು, 10:05ರೊಳಗೆ ರೀಚಾರ್ಜ್ ಆಗಿ ಟ್ಯಾಗ್ ಎದ್ದಿದ್ದರೆ ಎರಡನೆಯದು ಬೀಳುವುದಿಲ್ಲ. 8ಕ್ಕೆ ಆಗಿ 10:10 ದಾಟಿದರೂ ಏಳದಿದ್ದರೆ ಮಾತ್ರ ತಿರಸ್ಕಾರ. ರಾಷ್ಟ್ರೀಯ ಹೆದ್ದಾರಿಯ ಗೇಟುಗಳಿಗೆ ಟ್ಯಾಗ್‌ನ ಸ್ಥಿತಿ ಆ ಕ್ಷಣದಲ್ಲೇ ಗೊತ್ತಾಗುವ ವ್ಯವಸ್ಥೆ ಇದೆ, ಅಲ್ಲಿ ಯಾವಾಗ ಬೇಕಾದರೂ ರೀಚಾರ್ಜ್ ಮಾಡಿ ದಾಟಬಹುದು ಎಂದು ಹೆದ್ದಾರಿ ಪ್ರಾಧಿಕಾರ ಆಗಲೇ ಸ್ಪಷ್ಟಪಡಿಸಿತು. ಹಳೇ ವ್ಯವಸ್ಥೆಯಲ್ಲಿದ್ದ ಕೆಲವು ರಾಜ್ಯ ಹೆದ್ದಾರಿ ಗೇಟುಗಳಿಗೆ ಬ್ಲಾಕ್‌ಲಿಸ್ಟ್ ಪಟ್ಟಿ ತಡವಾಗಿ ತಲುಪುತ್ತಿತ್ತು, ಕಷ್ಟ ಅಲ್ಲಿ. ಗೇಟಿನ ಮುಂದೆ ನಿಂತು ರೀಚಾರ್ಜ್ ಮಾಡುವವರು ‘ಪೇಮೆಂಟ್ ಸಕ್ಸಸ್’ ಮೆಸೇಜ್ ನೋಡಿ ಗಾಡಿ ಮುಂದೆ ಬಿಡುತ್ತಾರೆ. ಟ್ಯಾಗ್ ಆ್ಯಕ್ಟಿವ್ ಆಯಿತೆಂಬ ಮೆಸೇಜ್ ಬೇರೆ, ಅದು ಬರುವವರೆಗೆ ಪಕ್ಕಕ್ಕೆ ನಿಲ್ಲಿಸಬೇಕು.

ಇನ್ನು ತಪ್ಪು ಗೇಟಿನವರದೇ ಆದಾಗ. ಟ್ಯಾಗ್ ಸರಿ ಇದೆ, ದುಡ್ಡೂ ಇದೆ, ಅವರ ಯಂತ್ರ ಕೆಟ್ಟು ಓದುತ್ತಿಲ್ಲ. ಆಗ ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ಊರ್ಜಿತವಾದ, ಸಾಕಷ್ಟು ಬ್ಯಾಲೆನ್ಸ್ ಇರುವ ಟ್ಯಾಗ್ ಗೇಟಿನ ಉಪಕರಣದ ದೋಷದಿಂದ ಕೆಲಸ ಮಾಡದಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕು, ಶೂನ್ಯ ಮೊತ್ತದ ರಸೀದಿಯನ್ನು ಕಡ್ಡಾಯವಾಗಿ ಕೊಡಬೇಕು ಎಂದು 2018ರ ಮೇ ತಿಂಗಳ ಅಧಿಸೂಚನೆಯಲ್ಲೇ ಇದೆ. ಡ್ರೈವರ್‌ಗಳಿಗೆ ಹೇಳಿಕೊಡಬೇಕಾದದ್ದು ಒಂದೇ ವಾಕ್ಯ: “ಅಣ್ಣಾ, ಟ್ಯಾಗ್ ಆ್ಯಕ್ಟಿವ್ ಇದೆ, ದುಡ್ಡೂ ಇದೆ, ಝೀರೋ ರಸೀದಿ ಕೊಡಿ.” ಜೊತೆಗೆ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಮತ್ತು ಆ್ಯಕ್ಟಿವ್ ಎಂದು ತೋರಿಸುವ ಪುಟ ತೆರೆದು ಹಿಡಿಯಬೇಕು. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಮೇಲ್ಗಡೆ ಗಂಟೆ ತಾನೇ ಬರುತ್ತದೆ. ಕೊಡಲ್ಲ ಅಂದರೆ ಜಗಳ ಬೇಡ, ಹಿಂದೆ ನಿಂತವರಿಗೂ ತೊಂದರೆ. ಯುಪಿಐನಲ್ಲಿ ಕಟ್ಟಿ, ರಸೀದಿ ಪಡೆದು, ಗೇಟು ದಾಟಿದ ಮೇಲೆ ಗಾಡಿ ಬದಿಗೆ ಹಾಕಿ ಅಲ್ಲಿಂದಲೇ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳುವುದು ಒಳ್ಳೆಯದು.

ಅದೇ ಹೊತ್ತಿಗೆ, ‘ಕ್ಯೂ 100 ಮೀಟರ್ ದಾಟಿದರೆ ಟೋಲ್ ಇಲ್ಲ’ ಎಂದು ಈಗಲೂ ಗೇಟಿನಲ್ಲಿ ವಾದಿಸುವವರಿದ್ದಾರೆ. 2021ರ ಆ ನಿಯಮವನ್ನು 2024ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡಾಗಿದೆ. ಆ ವಾದ ಬಿಟ್ಟುಬಿಡಿ.

ಲಾರಿಗಳಲ್ಲಿ ಟ್ಯಾಗ್ ಓದದಿರಲು ಕಾರಣ ಎಷ್ಟೋ ಸಲ ನಮ್ಮ ಗಾಜಿನಲ್ಲೇ ಇರುತ್ತದೆ. ಟ್ಯಾಗ್‌ನ ಒಳಗೆ ಕೂದಲಿನಂಥ ತೆಳು ಲೋಹದ ಆಂಟೆನಾ ಇದೆ. ಒಂದು ಸಲ ಕಿತ್ತು ಮತ್ತೆ ಗಮ್ ಹಚ್ಚಿ ಅಂಟಿಸಿದರೆ ಅದು ತುಂಡಾಗಿರುತ್ತದೆ. ಹೊರಗಿನಿಂದ ನೋಡಿದರೆ ಟ್ಯಾಗ್ ಹೊಸದರಂತೇ ಕಾಣುತ್ತದೆ. ಗಾಜಿನ ಮೇಲೆ ಅಡ್ಡ ಹೊಡೆಸಿದ ತಗಡಿನ ಹಣೆಪಟ್ಟಿ, ಲೋಹದ ಅಂಶವಿರುವ ಬಿಸಿಲಿನ ಫಿಲ್ಮ್ ಕೂಡ ಸಿಗ್ನಲ್ ತಡೆಯುತ್ತವೆ. ಗಾಜು ಒಡೆದು ಬದಲಿಸಿದ ದಿನವೇ ಹೊಸ ಟ್ಯಾಗ್‌ಗೆ ಅರ್ಜಿ ಹಾಕಬೇಕು.

ತಪ್ಪು ಕಡಿತ ಇನ್ನೊಂದು ದೊಡ್ಡ ವಿಷಯ. ಗಾಡಿ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತುಂಬಿಸಿಕೊಳ್ಳುತ್ತಿದೆ, ಮೊಬೈಲ್‌ಗೆ ಬೇರೆಲ್ಲೋ ಗೇಟು ದಾಟಿದ ಮೆಸೇಜ್. ಟ್ಯಾಗ್ ಓದದ ವಾಹನದ ನಂಬರನ್ನು ಗೇಟಿನಲ್ಲಿ ಕೈಯಿಂದ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಹೀಗಾಗುತ್ತದೆ. ಸಾಬೀತಾದ ಇಂಥ ಪ್ರತಿ ಪ್ರಕರಣಕ್ಕೆ ಟೋಲ್ ಗುತ್ತಿಗೆದಾರರಿಗೆ ₹1 ಲಕ್ಷ ದಂಡ ಹಾಕುವ ನಿಯಮ ಇರುವುದರಿಂದ ದೂರು ಕೊಡುವುದು ಖಂಡಿತ ವ್ಯರ್ಥವಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಎರಡು ಸಮಯ ನೋಡಬೇಕು: ಟ್ಯಾಗ್ ಓದಿದ ಸಮಯ, ಹಣ ಕಡಿತವಾದ ಸಮಯ. ಮೆಸೇಜ್ ಬಂದ ಗಂಟೆ ಹಿಡಿದು ವಾದಿಸಿದರೆ ಸೋಲುತ್ತೀರಿ, ಏಕೆಂದರೆ ಕಡಿತ ಎಷ್ಟೋ ಸಲ ಗಂಟೆಗಟ್ಟಲೆ ತಡವಾಗಿ ಬರುತ್ತದೆ. ಓದಿದ ಸಮಯದಲ್ಲಿ ಗಾಡಿ ಎಲ್ಲಿತ್ತು ಎನ್ನುವುದಕ್ಕೆ ಸಾಕ್ಷಿ ಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ವೇ ಬ್ರಿಡ್ಜ್ ಚೀಟಿ: ಅದರಲ್ಲಿ ವಾಹನದ ನಂಬರ್, ಖಾಲಿ ತೂಕ, ತುಂಬಿದ ತೂಕ, ಎರಡಕ್ಕೂ ಬೇರೆಬೇರೆ ಗಂಟೆ ನಿಮಿಷ ಅಚ್ಚಾಗಿರುತ್ತದೆ. ಅದರ ಮಸಿ ಬೇಗ ಮಾಸುತ್ತದೆ, ಸಿಕ್ಕ ದಿನವೇ ಫೋಟೋ ತೆಗೆದಿಡಿ. ಜಿಪಿಎಸ್ ವರದಿ, ಡೀಸೆಲ್ ಬಿಲ್ ಇದ್ದರೆ ಅವನ್ನೂ ಸೇರಿಸಿ.

ದೂರು ಮೊದಲು ಹೋಗಬೇಕಾದದ್ದು ಟ್ಯಾಗ್ ಕೊಟ್ಟ ಬ್ಯಾಂಕಿಗೆ. ಗೇಟಿನ ಹೆಸರು, ಓದಿದ ಸಮಯ, ವ್ಯವಹಾರದ ನಂಬರ್, ಮೊತ್ತ, ‘ಈ ವಾಹನ ಆಗ ಇಲ್ಲಿತ್ತು’ ಎಂಬ ಒಂದು ಸಾಲು, ಸಾಕ್ಷಿಯ ಫೋಟೋ; ಇಷ್ಟಿದ್ದರೆ ಸಾಕು, ಉದ್ದ ಪತ್ರ ಬೇಡ. ಗೇಟಿನ ಕ್ಯಾಮೆರಾದ ಫೋಟೋ ತರಿಸಿ ನೋಡಿ ಎಂದು ಬರೆಯುವುದನ್ನು ಮರೆಯಬೇಡಿ. ನಂಬರ್ ಪ್ಲೇಟ್ ಬೇರೆಯಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448. ಬ್ಯಾಂಕಿಗೆ ಮೊದಲು ಕೊಟ್ಟ ದೂರಿನ ನಂಬರ್ ಇಲ್ಲದೆ ಅಲ್ಲಿ ಹೋದರೆ ತಿರುಗಿ ಕಳಿಸುತ್ತಾರೆ.

ವಾಹನದ ವರ್ಗದ ತಪ್ಪನ್ನೂ ಹುಡುಕಬೇಕು. ಆರು ಗಾಲಿಯ ಲಾರಿ ಎರಡು ಆಕ್ಸೆಲ್, ಹತ್ತು ಗಾಲಿಯದು ಮೂರು, ಹನ್ನೆರಡು ಗಾಲಿಯದು ನಾಲ್ಕು. ನಾಲ್ಕರಿಂದ ಆರು ಆಕ್ಸೆಲ್‌ವರೆಗೆ ದರ ಒಂದೇ. ಹತ್ತು ಗಾಲಿಯ ಲಾರಿಗೆ ನಾಲ್ಕು ಆಕ್ಸೆಲ್ ದರ ಬಿದ್ದಿದ್ದರೆ ಗೇಟಿನ ಯಂತ್ರ ತಪ್ಪು ಎಣಿಸಿರಬಹುದು; ಹಿಂದಿನ ಗಾಡಿ ಬಂಪರಿಗೆ ಅಂಟಿಕೊಂಡು ಬಂದಾಗ ಹಾಗಾಗುವ ಸಾಧ್ಯತೆ ಹೆಚ್ಚು. ಅದೇ ತಪ್ಪು ಎಲ್ಲಾ ಗೇಟಿನಲ್ಲೂ ಕಂಡರೆ ಟ್ಯಾಗ್ ಕೊಡುವಾಗಲೇ ವರ್ಗ ತಪ್ಪಾಗಿ ನಮೂದಾಗಿದೆ ಎಂದರ್ಥ, ಆಗ ಆರ್‌ಸಿ ಹಿಡಿದು ಬ್ಯಾಂಕಿಗೇ ಹೋಗಬೇಕು. 24 ಗಂಟೆಯೊಳಗೆ ಅದೇ ಗೇಟಿಗೆ ವಾಪಸಾದರೆ ಹೋಗಿಬರುವ ಒಟ್ಟು ಶುಲ್ಕ ಒಂದೂವರೆ ಪಟ್ಟು ಮಾತ್ರ. ಎರಡನೇ ಸಲ ಪೂರ್ತಿ ಕಡಿತವಾಗಿದ್ದರೆ ಅದನ್ನೂ ಕೇಳಿ.

ಈಗ ಉಳಿದುಹೋದ ದುಡ್ಡಿನ ಮಾತು. ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮ ಬಂದ ಮೇಲೆ, ಬ್ಯಾಂಕ್ ಬದಲಿಸಿದ ಮೇಲೆ, ಎಷ್ಟೋ ಮನೆಗಳ ಹಳೇ ಟ್ಯಾಗ್‌ಗಳಲ್ಲಿ ಮುನ್ನೂರು ನಾನ್ನೂರು ರೂಪಾಯಿ ಹಾಗೇ ಇದೆ. ವಾಲೆಟ್ ಅವಧಿ ಮುಗಿಯಿತು, ದುಡ್ಡು ಮುಳುಗಿತು ಎಂದುಕೊಳ್ಳುತ್ತಾರೆ. ಪ್ರಿಪೇಯ್ಡ್ ವಾಲೆಟ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿ ಹೊರಡಿಸಿದ ನಿರ್ದೇಶನ ಬೇರೆಯೇ ಹೇಳುತ್ತದೆ. ಕೊನೆಯ ಸಲ ದುಡ್ಡು ಹಾಕಿದ ದಿನದಿಂದ ಕನಿಷ್ಠ ಒಂದು ವರ್ಷ ಅವಧಿ ಇರಬೇಕು. ಮುಗಿಯುವ ಮುಂಚಿನ 45 ದಿನಗಳಲ್ಲಿ ಎಚ್ಚರಿಕೆ ಕಳಿಸುತ್ತಿರಬೇಕು. ಅವಧಿ ಮುಗಿದ ಮೇಲೆ ಮೂರು ವರ್ಷ ಆ ಮೊತ್ತವನ್ನು ಕಂಪನಿ ತನ್ನ ಲಾಭದ ಖಾತೆಗೆ ಹಾಕಿಕೊಳ್ಳುವಂತಿಲ್ಲ. ಅವಧಿ ಮುಗಿದ ಮೇಲೆ ಯಾವಾಗ ಕೇಳಿದರೂ ಬ್ಯಾಂಕ್ ಖಾತೆಗೆ ಹಿಂತಿರುಗಿಸಬೇಕು. ಕೇಳುವವರೇ ಇಲ್ಲದ್ದರಿಂದ ಅದು ಅಲ್ಲೇ ಕೂತಿದೆ, ಅಷ್ಟೆ. ಹಳೇ ಟ್ಯಾಗ್ ಮುಚ್ಚುವ ಅರ್ಜಿಯಲ್ಲಿ ಬ್ಯಾಲೆನ್ಸ್ ಜೊತೆಗೆ ಭದ್ರತಾ ಠೇವಣಿಯನ್ನೂ ಕೇಳಬೇಕು. ಎರಡೂ ಬೇರೆ ಬೇರೆ ಮೊತ್ತ, ಠೇವಣಿ ಆ್ಯಪ್‌ನ ಬ್ಯಾಲೆನ್ಸ್‌ನಲ್ಲಿ ಕಾಣದಿರಬಹುದು. ಗೇಟು ದಾಟುವಾಗ ಬ್ಯಾಲೆನ್ಸ್ ಮೈನಸ್‌ಗೆ ಹೋಗಿದ್ದರೆ ಠೇವಣಿಯಿಂದ ಮುರಿದಿರುತ್ತಾರೆ, ಅಷ್ಟು ಕಡಿಮೆ ಬರುತ್ತದೆ. ನೋಂದಾಯಿತ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಕೆಲಸ ಬಿಟ್ಟುಹೋದ ಡ್ರೈವರ್ ನಂಬರಿಗೆ ಟ್ಯಾಗ್ ಮಾಡಿಸಿದ್ದರೆ ಓಟಿಪಿ ಅವನ ಫೋನಿಗೇ ಹೋಗುತ್ತದೆ; ಟ್ಯಾಗ್ ಯಾವತ್ತೂ ಮಾಲೀಕರ ನಂಬರಿನಲ್ಲೇ ಇರಲಿ.

ನಿಜವಾಗಿ ಮುಳುಗುವುದು ಪಾಸ್‌ನಲ್ಲಿ ಉಳಿದ ಟ್ರಿಪ್. ತಿಂಗಳ ಪಾಸ್ ಎಂದರೆ 50 ಸಲ ದಾಟುವುದಕ್ಕೆ ಮೂರನೇ ಎರಡು ಭಾಗ ದರ, ಅಂದರೆ 33 ಚಿಲ್ಲರೆ ಸಲದ ದುಡ್ಡು. ಒಮ್ಮುಖವಾಗಿ 34 ಸಲ ದಾಟಿದರೆ ಲಾಭ ಎನಿಸುತ್ತದೆ. ಆದರೆ ಅದೇ ದಿನ ಹೋಗಿ ಬರುವ ಗಾಡಿಗೆ ಪಾಸ್ ಇಲ್ಲದೆಯೂ ಒಂದು ಸಲಕ್ಕೆ ಮುಕ್ಕಾಲು ದರವೇ ಬೀಳುತ್ತದೆ. ಆ ಲೆಕ್ಕದಲ್ಲಿ 45 ಸಲ, ಎಂದರೆ 23 ಬಾರಿ ಹೋಗಿಬಂದರೆ ಮಾತ್ರ ಪಾಸ್ ಗಿಟ್ಟುತ್ತದೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಅಷ್ಟು ಓಡುತ್ತದೆ, ಮಿಕ್ಕ ತಿಂಗಳು ಇಲ್ಲ. ಆನಗೋಡು, ಭರಮಸಾಗರ ಕಡೆಯ ಸ್ವಂತ ಕಾರಿನವರಿಗೆ ಗೇಟಿನಿಂದ 20 ಕಿಲೋಮೀಟರ್ ಒಳಗಿನ ಸ್ಥಳೀಯ ಪಾಸ್ ಬೇರೆ ಇದೆ, ಅದು ಇನ್ನೂ ಅಗ್ಗ.

2025ರ ಆಗಸ್ಟ್ 15ರಿಂದ ಬಂದ ವಾರ್ಷಿಕ ಪಾಸ್ ವಾಣಿಜ್ಯ ವಾಹನಕ್ಕೆ ಇಲ್ಲ, ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಶುರುವಾದಾಗ ₹3,000, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಹೋಗುವುದು ಒಂದು, ಬರುವುದು ಒಂದು. ವಾರಕ್ಕೊಮ್ಮೆ ಹೆಬ್ಬಾಳು ಗೇಟು ದಾಟಿ ಚಿತ್ರದುರ್ಗಕ್ಕೆ ಹೋಗಿಬರುವ ಕಾರಿಗೆ ವರ್ಷಕ್ಕೆ 104 ಟ್ರಿಪ್, ಉಳಿದ 96 ವರ್ಷ ತುಂಬಿದ ದಿನ ಇಲ್ಲವಾಗುತ್ತವೆ. ಆದರೂ ಒಂದು ಸಲಕ್ಕೆ ಬಿದ್ದದ್ದು ಸುಮಾರು ₹29, ಅಲ್ಲಿ ಕಡಿತವಾಗುತ್ತಿದ್ದ ಮೊತ್ತದ ಪಕ್ಕದಲ್ಲಿಟ್ಟು ನೀವೇ ನೋಡಿ. ರಾಜ್ಯ ಹೆದ್ದಾರಿಯ ಗೇಟಿನಲ್ಲಿ ಈ ಪಾಸ್ ನಡೆಯುವುದಿಲ್ಲ, ಅಲ್ಲಿಗೆ ಮಾಮೂಲಿ ಬ್ಯಾಲೆನ್ಸೇ ಬೇಕು. ಪಾಸ್ ಇದೆಯಲ್ಲ ಎಂದು ಬ್ಯಾಲೆನ್ಸ್ ಸೊನ್ನೆ ಇಟ್ಟುಕೊಂಡವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಗೇಟಿನಲ್ಲಿ ಕಟ್ಟದೆ ಉಳಿದ ಶುಲ್ಕವನ್ನೂ ಸಣ್ಣದೆಂದು ಬಿಡಬೇಡಿ. 2026ರ ಜನವರಿಯ ಮೋಟಾರು ವಾಹನ ನಿಯಮ ತಿದ್ದುಪಡಿಯ ಪ್ರಕಾರ ಅಂಥ ಬಾಕಿ ಇದ್ದರೆ ಎಫ್‌ಸಿ (ವಾಹನದ ಅರ್ಹತಾ ಪತ್ರ) ನವೀಕರಣ, ಎನ್‌ಒಸಿ (ನಿರಾಕ್ಷೇಪಣಾ ಪತ್ರ), ನ್ಯಾಷನಲ್ ಪರ್ಮಿಟ್ ನಿಲ್ಲುತ್ತವೆ. ತಪ್ಪಾಗಿ ಬಿದ್ದ ಬಾಕಿಯಾದರೆ ಎಫ್‌ಸಿ ದಿನಾಂಕಕ್ಕೆ ಎರಡು ತಿಂಗಳು ಮೊದಲೇ ದೂರು ಹಾಕಿ ತೆಗೆಸಿಕೊಳ್ಳಬೇಕು. ಲಾರಿ ಮಾರುವವರಂತೂ ಕೀ ಕೊಡುವ ಮೊದಲು ಟ್ಯಾಗ್ ಮುಚ್ಚುವ ಅರ್ಜಿ ಹಾಕಿ, ಮುಚ್ಚಿದ ಮೆಸೇಜ್ ಬಂದ ಮೇಲೆ ಗಾಜಿನಿಂದ ಬ್ಲೇಡಿನಲ್ಲಿ ಕೆರೆದು ತೆಗೆದು, ತುಂಡಾದ ಟ್ಯಾಗ್‌ನ ಫೋಟೋವನ್ನು ಮಾರಾಟದ ಕಾಗದದ ಜೊತೆ ಇಟ್ಟುಕೊಳ್ಳಿ.